ಇಂಟರಪ್ಟ್‌ಗೆ ಹೆದರಿದ ಡೈಕ್‌ಸ್ಟ್ರಾ

ಡೈಕ್‌ಸ್ಟ್ರಾ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಶಾರ್ಟೆಸ್ಟ್ ಪಾತ್. ಗ್ರಾಫ್ ಬಿಡಿಸು, ಟೇಬಲ್ ಹಾಕು, ಒಂದೊಂದೇ ನೋಡ್‌ಗೆ ಟಿಕ್ ಹಾಕು, ಮಾರ್ಕ್ಸ್ ತಗೋ. ಓಎಸ್ ಪೇಪರಿಗೆ ಬಂದರೆ ಅಲ್ಲೂ ಇದೇ ಮಹಾನುಭಾವರು: ಸೆಮಾಫೋರ್, ಬ್ಯಾಂಕರ್ಸ್ ಅಲ್ಗಾರಿದಮ್, ಡೈನಿಂಗ್ ಫಿಲಾಸಫರ್ಸ್. ಒಬ್ಬ ಮನುಷ್ಯ ಎಷ್ಟು ಸಬ್ಜೆಕ್ಟ್‌ಗಳಲ್ಲಿ ನಮ್ಮನ್ನು ಕಾಡಬಹುದು ಅಂತ ಹಾಸ್ಟೆಲ್‌ನಲ್ಲಿ ಜೋಕ್ ಮಾಡೋದು ಮಾಮೂಲು.

ಆದರೆ ಎಡ್ಸ್‌ಗರ್ ವೀಬೆ ಡೈಕ್‌ಸ್ಟ್ರಾ ಡಾಕ್ಟರೇಟ್ ಪಡೆದದ್ದು ಇದ್ಯಾವುದಕ್ಕೂ ಅಲ್ಲ. ಕಂಪ್ಯೂಟರು ತನ್ನ ಟೈಪ್‌ರೈಟರ್ ಜೊತೆ, ಪೇಪರ್ ಟೇಪ್ ಜೊತೆ ಹೇಗೆ ಮಾತಾಡಬೇಕು ಅನ್ನೋದು ಅವರ ಪಿಎಚ್‌ಡಿ ವಿಷಯ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಡಿವೈಸ್ ಡ್ರೈವರ್. ನಮ್ಮ ಕ್ಲಬ್ಬಿನಲ್ಲಿ ಕೆಲವರು ಈ ಸೆಮಿಸ್ಟರ್‌ನಲ್ಲಿ ಲಿನಕ್ಸ್ ಕರ್ನಲ್‌ನ ಡಿಎಂಎ ಡ್ರೈವರ್‌ಗಳನ್ನು ಓದ್ತಾ ಇದ್ದೇವೆ. ಅವುಗಳ ಕಾನ್ಫಿಗರೇಶನ್ ಇಂಟರ್‌ಫೇಸ್ ಯಾಕೆ ಹೀಗಿದೆ, ಯಾಕೆ ಇಷ್ಟು ಕಟ್ಟುನಿಟ್ಟು ಅಂತ ಕೇಳ್ತಾ ಹೋದರೆ ದಾರಿ 1957ರ ಆಮ್‌ಸ್ಟರ್‌ಡ್ಯಾಮ್ ತನಕ ಹೋಗುತ್ತೆ. ಅಲ್ಲಿ ಇನ್ನೂ 27 ತುಂಬದ ಒಬ್ಬ ಪ್ರೋಗ್ರಾಮರ್, ಹೊಸ ಹಾರ್ಡ್‌ವೇರ್ ಫೀಚರ್ ಒಂದಕ್ಕೆ ಹೆದರಿ, ಸುಮಾರು ಮೂರು ತಿಂಗಳು ಒಪ್ಪಿಗೆ ಕೊಡದೆ ಕೂತಿದ್ದರು. ಆ ಹೆದರಿಕೆ ಏನು, ಅದರಿಂದ ಏನು ಹುಟ್ಟಿತು ಅನ್ನೋದನ್ನ ಹಿಡ್ಕೊಂಡು ಅವರ ಜೀವನ ಹೇಳೋ ಪ್ರಯತ್ನ ನಮ್ಮದು.

ರೋಟರ್‌ಡ್ಯಾಮ್‌ನ ಹುಡುಗ

ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ. ಅಪ್ಪ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಅಮ್ಮ ಗಣಿತ ಓದಿದವರು. ಅವರ ಹತ್ತನೇ ಹುಟ್ಟುಹಬ್ಬದ ಹಿಂದಿನ ದಿನ ಜರ್ಮನ್ ಸೈನ್ಯ ದೇಶದೊಳಗೆ ನುಗ್ಗಿತು. ನಾಲ್ಕೇ ದಿನದಲ್ಲಿ, ಮೇ 14ರಂದು, ರೋಟರ್‌ಡ್ಯಾಮ್ ನಗರದ ನಡುಭಾಗ ಬಾಂಬ್ ದಾಳಿಗೆ ನೆಲಸಮವಾಯಿತು. ಬಾಲ್ಯದ ಐದು ವರ್ಷ ಹೀಗೆ ಯುದ್ಧದಲ್ಲೇ ಕಳೆದುಹೋಯಿತು.

ಶಾಲೆ ಮುಗಿಸುವ ಹೊತ್ತಿಗೆ ಹುಡುಗನ ತಲೆಯಲ್ಲಿದ್ದದ್ದು ಕಾನೂನು ಓದೋದು. ವಿಶ್ವಸಂಸ್ಥೆಯಲ್ಲಿ ದೇಶವನ್ನು ಪ್ರತಿನಿಧಿಸಬೇಕು ಅನ್ನೋ ಆಸೆ ಇತ್ತು. ಆದರೆ ಗಣಿತ, ವಿಜ್ಞಾನದಲ್ಲಿ ಮಾರ್ಕ್ಸ್ ಬಹಳ ಚೆನ್ನಾಗಿ ಬಂದಿದ್ದರಿಂದ 1948ರಲ್ಲಿ ಲೈಡನ್ ವಿಶ್ವವಿದ್ಯಾಲಯ ಸೇರಿ, ಥಿಯರೆಟಿಕಲ್ ಫಿಸಿಕ್ಸ್ ಕಡೆ ಹೋದರು. ಮಾರ್ಕ್ಸ್ ನೋಡಿ ಕೋರ್ಸ್ ನಿರ್ಧಾರ ಆಗೋದು ನಮ್ಮ ಊರಿನಲ್ಲಿ ಮಾತ್ರ ಅಂದ್ಕೊಂಡಿದ್ದವರಿಗೆ ಇದು ಸಮಾಧಾನ ಕೊಡಬಹುದು.

1951ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮೂರು ವಾರಗಳ ಪ್ರೋಗ್ರಾಮಿಂಗ್ ಕೋರ್ಸ್ ಇದೆ ಅನ್ನೋ ಜಾಹೀರಾತು ಅಪ್ಪನ ಕಣ್ಣಿಗೆ ಬಿತ್ತು. ಅಲ್ಲಿ ಮಾರಿಸ್ ವಿಲ್ಕ್ಸ್ ಅವರ ತಂಡ ಕಟ್ಟಿದ ಎಡ್ಸ್ಯಾಕ್ ಎಂಬ ಕಂಪ್ಯೂಟರ್ ಇತ್ತು. ಫಿಸಿಕ್ಸ್ ಲೆಕ್ಕಗಳಿಗೆ ಉಪಯೋಗ ಆಗುತ್ತೆ ಅಂತ ಡೈಕ್‌ಸ್ಟ್ರಾ ಹೋದರು. ವಾಪಸ್ ಬಂದ ಮೇಲೆ, 1952ರ ಮಾರ್ಚ್‌ನಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ಮ್ಯಾಥಮ್ಯಾಟಿಕಲ್ ಸೆಂಟರ್‌ನಲ್ಲಿ ಪಾರ್ಟ್ ಟೈಮ್ ಪ್ರೋಗ್ರಾಮರ್ ಕೆಲಸಕ್ಕೆ ಸೇರಿದರು.

ಆ ಕೆಲಸಕ್ಕೆ ಆಗ ಸಮಾಜದಲ್ಲಿ ಹೆಸರೇ ಇರಲಿಲ್ಲ. ಫಿಸಿಕ್ಸ್ ಬಿಟ್ಟು ಪ್ರೋಗ್ರಾಮಿಂಗ್ ಹಿಡಿಯೋದಾ ಬೇಡವಾ ಅಂತ ಅವರು ಬಹಳ ಒದ್ದಾಡಿದರು. ಫಿಸಿಕ್ಸ್‌ಗೆ ಒಂದು ಗೌರವ ಇತ್ತು, ಹಿಂದೆ ದೊಡ್ಡದೊಂದು ಶಾಸ್ತ್ರ ಇತ್ತು. ಪ್ರೋಗ್ರಾಮಿಂಗ್‌ಗೆ ಏನಿತ್ತು? ಅವರ ಮೇಲಧಿಕಾರಿ ಫಾನ್ ವೈನ್‌ಗಾರ್ಡನ್ ಆಗ ಸಮಾಧಾನವಾಗಿ ಕೂರಿಸಿಕೊಂಡು, ಕಂಪ್ಯೂಟರುಗಳು ಇನ್ನು ಹೋಗೋ ವಸ್ತುಗಳಲ್ಲ, ಈ ಕೆಲಸಕ್ಕೆ ಗೌರವ ತರೋರಲ್ಲಿ ನೀನೂ ಒಬ್ಬ ಯಾಕಾಗಬಾರದು ಅನ್ನೋ ಅರ್ಥದಲ್ಲಿ ಹೇಳಿದರಂತೆ. ಡೈಕ್‌ಸ್ಟ್ರಾ ನಿರ್ಧಾರ ಮಾಡಿಬಿಟ್ಟರು. ಆದರೂ 1957ರಲ್ಲಿ ಮದುವೆ ರಿಜಿಸ್ಟರ್ ಮಾಡಿಸೋಕೆ ಹೋದಾಗ ವೃತ್ತಿ ಕಾಲಂನಲ್ಲಿ ಪ್ರೋಗ್ರಾಮರ್ ಅಂತ ಬರೆದದ್ದನ್ನು ಆಮ್‌ಸ್ಟರ್‌ಡ್ಯಾಮ್ ನಗರದ ಅಧಿಕಾರಿಗಳು ಒಪ್ಪಲಿಲ್ಲ. ಅಂಥ ಕೆಲಸವೇ ಇಲ್ಲ ಅಂದರು. ಕೊನೆಗೆ ಥಿಯರೆಟಿಕಲ್ ಫಿಸಿಸಿಸ್ಟ್ ಅಂತ ಬರೆದು ಮರಿಯಾ ಡೆಬೆಟ್ಸ್ ಅವರ ಕೈ ಹಿಡಿದರು.

ಯಂತ್ರಕ್ಕಿಂತ ಮುಂಚೆ ಮ್ಯಾನ್ಯುಯಲ್

ಮ್ಯಾಥಮ್ಯಾಟಿಕಲ್ ಸೆಂಟರ್‌ನಲ್ಲಿ ಹಾರ್ಡ್‌ವೇರ್ ಕಟ್ಟುತ್ತಿದ್ದವರು ಬ್ರಾಮ್ ಲೂಪ್‌ಸ್ಟ್ರಾ ಮತ್ತು ಕಾರೆಲ್ ಸ್ಕೋಲ್ಟನ್. ಅವರ ಯಂತ್ರಗಳಿಗೆ ಬೇಕಾದ ಮೂಲ ಸಾಫ್ಟ್‌ವೇರ್ ಬರೆಯೋದು ಡೈಕ್‌ಸ್ಟ್ರಾ ಕೆಲಸ. ಇಲ್ಲಿ ಅವರು ಅನುಸರಿಸಿದ ಪದ್ಧತಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಾದ ನಮಗೆ ಬಹಳ ಇಷ್ಟ ಆಯ್ತು.

ಯಂತ್ರ ಹೇಗೆ ನಡೆದುಕೊಳ್ಳುತ್ತೆ ಅಂತ ಪೂರ್ತಿ ವಿವರಿಸುವ ಮ್ಯಾನ್ಯುಯಲ್ ಮೊದಲು ಬರೆಯೋದು. ಆಮೇಲೆ ಅದೇ ಎರಡೂ ಕಡೆಯವರ ನಡುವಿನ ಕರಾರು. ಹಾರ್ಡ್‌ವೇರ್‌ನವರು ಅದರಲ್ಲಿ ಬರೆದದ್ದನ್ನ ಕಟ್ಟಬೇಕು, ಸಾಫ್ಟ್‌ವೇರ್‌ನವರು ಅದರಲ್ಲಿ ಬರೆದದ್ದನ್ನ ಮಾತ್ರ ನಂಬಬೇಕು. ಯಂತ್ರ ಇನ್ನೂ ಬೆಸುಗೆ ಹಂತದಲ್ಲಿರುವಾಗಲೇ ಡೈಕ್‌ಸ್ಟ್ರಾ ಅದಕ್ಕೆ ಪ್ರೋಗ್ರಾಂ ಬರೆದು ಮುಗಿಸಿರುತ್ತಿದ್ದರು. ಓಡಿಸಿ ನೋಡೋಕೆ ಯಂತ್ರವೇ ಇಲ್ಲ. ಹಾಗಾಗಿ ಪ್ರೋಗ್ರಾಂ ಸರಿ ಇದೆ ಅಂತ ಕಾಗದದ ಮೇಲೆ ಯೋಚಿಸಿಯೇ ಖಾತ್ರಿ ಮಾಡ್ಕೋಬೇಕು. ರನ್ ಕೊಟ್ಟು ನೋಡೋಣ ಅನ್ನೋ ಅಭ್ಯಾಸ ಅವರಿಗೆ ಹತ್ತಲೇ ಇಲ್ಲ. ಇಂಟರ್‌ಫೇಸ್ ಅಂದ್ರೆ ಕರಾರು ಅನ್ನೋ ಮಾತನ್ನ ನಮ್ಮ ಟೆಕ್ಸ್ಟ್‌ಬುಕ್‌ಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗ್ತವೆ. ಡೈಕ್‌ಸ್ಟ್ರಾ ಅದರಲ್ಲೇ ದಿನನಿತ್ಯ ಬದುಕಿದವರು.

ಶಾರ್ಟೆಸ್ಟ್ ಪಾತ್ ಕೂಡ ಇದೇ ದಿನಗಳದ್ದು. 1956ರಲ್ಲಿ ಆರ್ಮ್ಯಾಕ್ ಎಂಬ ಯಂತ್ರದ ಉದ್ಘಾಟನೆಗೆ ಸಾಮಾನ್ಯ ಜನರಿಗೂ ಅರ್ಥವಾಗುವ ಒಂದು ಡೆಮೊ ಬೇಕಿತ್ತು. ನೆದರ್‌ಲ್ಯಾಂಡ್ಸ್‌ನ 64 ಊರುಗಳ ನಕ್ಷೆ ತಗೊಂಡು, ಎರಡು ಊರುಗಳ ನಡುವೆ ಹತ್ತಿರದ ದಾರಿ ಹುಡುಕೋದು ಅಂತ ಆಯ್ತು. 64 ಯಾಕೆ? ಊರಿನ ನಂಬರ್ 6 ಬಿಟ್‌ನಲ್ಲಿ ಹಿಡಿಸುತ್ತೆ, ಅಷ್ಟೇ. ಮರಿಯಾ ಜೊತೆ ಶಾಪಿಂಗ್ ಮಾಡಿ ಸುಸ್ತಾಗಿ ಕಾಫಿ ಕುಡಿಯೋಕೆ ಕೂತಾಗ, ಪೆನ್ನು ಕಾಗದ ಇಲ್ಲದೆ, ಸುಮಾರು 20 ನಿಮಿಷದಲ್ಲಿ ಆ ಅಲ್ಗಾರಿದಮ್ ಹೊಳೆಯಿತು. ಕಾಗದ ಇಲ್ಲದ್ದರಿಂದಲೇ ಅನಗತ್ಯ ತೊಡಕುಗಳೆಲ್ಲ ತಾನಾಗಿಯೇ ಬಿಟ್ಟುಹೋದವು ಅಂತ ಮುಂದೆ ಅವರು ನೆನೆಸಿಕೊಂಡಿದ್ದಾರೆ. ಅದು ಅಚ್ಚಾದದ್ದು 1959ರಲ್ಲಿ, ಮೂರೇ ಪುಟದ ಪೇಪರ್ ಆಗಿ.

ಹೆದರಿಕೆ ಶುರುವಾದದ್ದು ಇಲ್ಲಿ

1957ರ ಆರಂಭ. ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಎಕ್ಸ್1 ಎಂಬ ಹೊಸ ಯಂತ್ರವನ್ನು ವಿನ್ಯಾಸ ಮಾಡ್ತಿದ್ದರು. ಇದು ಟ್ರಾನ್ಸಿಸ್ಟರ್ ಯಂತ್ರ, ಎಲೆಕ್ಟ್ರೊಲಾಜಿಕಾ ಎಂಬ ಕಂಪನಿ ಮಾರಾಟ ಮಾಡಬೇಕಾದದ್ದು. ಒಂದು ಕೂಡುವ ಲೆಕ್ಕಕ್ಕೆ ಅದು ತಗೊಳ್ಳುತ್ತಿದ್ದ ಸಮಯ 64 ಮೈಕ್ರೊಸೆಕೆಂಡ್. ಇದರ ಪಕ್ಕದಲ್ಲಿ, ಸೆಕೆಂಡಿಗೆ 10 ಅಕ್ಷರ ಹೊಡೆಯುವ ಒಂದು ಟೈಪ್‌ರೈಟರ್ ಇದೆ ಅಂದುಕೊಳ್ಳೋಣ. ಒಂದು ಅಕ್ಷರ ಹೊಡೆಯೋ ಹೊತ್ತಿಗೆ ಯಂತ್ರ 1500ಕ್ಕೂ ಹೆಚ್ಚು ಲೆಕ್ಕ ಮಾಡಬಹುದು. ಆದರೆ ಆ ತನಕದ ಯಂತ್ರಗಳಲ್ಲಿ ಪ್ರೊಸೆಸರ್ ಏನು ಮಾಡ್ತಿತ್ತು ಅಂದ್ರೆ, ಟೈಪ್‌ರೈಟರ್ ಮುಂದೆ ಕೈಕಟ್ಟಿ ನಿಂತು ಮುಗೀತಾ ಮುಗೀತಾ ಅಂತ ಕಾಯ್ತಿತ್ತು.

ಹಾಗಾಗಿ ಹಾರ್ಡ್‌ವೇರ್ ಗೆಳೆಯರು ಒಂದು ಉಪಾಯ ತಂದರು. ಪ್ರೊಸೆಸರ್ ತನ್ನ ಪಾಡಿಗೆ ಲೆಕ್ಕ ಮಾಡ್ತಾ ಇರಲಿ, ಸಾಧನದ ಕೆಲಸ ಮುಗಿದಾಗ ಅದೇ ಬಂದು ಪ್ರೊಸೆಸರ್‌ನ ಭುಜ ತಟ್ಟಲಿ. ಇಂಟರಪ್ಟ್ ಅಂದ್ರೆ ಇದೇ.

ನಮಗೆ ಕೇಳೋಕೆ ಎಷ್ಟು ಸಹಜ ಅನ್ಸುತ್ತೆ! ಆದರೆ ಡೈಕ್‌ಸ್ಟ್ರಾ ಗಾಬರಿ ಬಿದ್ದರು. ಅಲ್ಲಿ ತನಕ ಕಂಪ್ಯೂಟರ್ ಅಂದ್ರೆ ಅದೇ ಇನ್‌ಪುಟ್ ಕೊಟ್ಟರೆ ಅದೇ ಔಟ್‌ಪುಟ್. ತಪ್ಪು ಬಂದರೆ ಮತ್ತೆ ಓಡಿಸಿದರೆ ಅದೇ ಜಾಗದಲ್ಲಿ ಅದೇ ತಪ್ಪು ಬರುತ್ತಿತ್ತು, ಹಿಡೀಬಹುದಿತ್ತು. ಇಂಟರಪ್ಟ್ ಬಂದರೆ ಯಾವ ಎರಡು ಇನ್‌ಸ್ಟ್ರಕ್ಷನ್‌ಗಳ ಮಧ್ಯೆ ಬೇಕಾದರೂ ಬೇರೆ ಪ್ರೋಗ್ರಾಂ ನುಸುಳಬಹುದು. ಟೈಪ್‌ರೈಟರ್ ಇವತ್ತು ಕೂದಲೆಳೆಯಷ್ಟು ನಿಧಾನ ಆದರೆ ಆ ಜಾಗವೇ ಬದಲು. ತಿಂಗಳಿಗೊಮ್ಮೆ ಮಾತ್ರ ಕಾಣೋ ಬಗ್, ಮತ್ತೆ ಓಡಿಸಿದರೆ ಮಾಯ. ಆಗ ದೂರೋದು ಯಾರನ್ನ? ಹಾರ್ಡ್‌ವೇರ್‌ನವರು ಸಾಫ್ಟ್‌ವೇರ್ ಕಡೆ ಬೆರಳು ತೋರಿಸ್ತಾರೆ, ಸಾಫ್ಟ್‌ವೇರ್‌ನವರು ಹಾರ್ಡ್‌ವೇರ್ ಕಡೆ.

ಸುಮಾರು ಮೂರು ತಿಂಗಳು ಅವರು ಒಪ್ಪಿಗೆ ಮುಂದೂಡಿದರು. ಆಮೇಲೆ ಗೆಳೆಯರು ನಿನ್ನಂಥವನಿಗೆ ಇದೇನು ಕಷ್ಟ ಅಂತ ಉಬ್ಬಿಸಿ ಉಬ್ಬಿಸಿ ಒಪ್ಪಿಸಿದರು.

ಒಪ್ಪಿದ ಮೇಲೆ ಅವರು ಆ ಹೆದರಿಕೆಯನ್ನು ಮರೆಯಲಿಲ್ಲ, ಅದನ್ನೇ ಪ್ರಶ್ನೆಯಾಗಿ ಬರೆದುಕೊಂಡರು. ಯಾವ ಕ್ಷಣದಲ್ಲಿ ಇಂಟರಪ್ಟ್ ಬಂದರೂ ಮೂಲ ಪ್ರೋಗ್ರಾಂಗೆ ಅದು ಗೊತ್ತೇ ಆಗಬಾರದು ಅಂದ್ರೆ ಏನೇನು ಖಾತ್ರಿ ಮಾಡಬೇಕು? ಪ್ರೊಸೆಸರ್‌ನ ಯಾವ ಯಾವ ರಿಜಿಸ್ಟರ್‌ಗಳನ್ನು ಎತ್ತಿಡಬೇಕು, ಹೇಗೆ ಹಾಗೇ ವಾಪಸ್ ಇಡಬೇಕು? ಎತ್ತಿಡುವಾಗಲೇ ಇನ್ನೊಂದು ಇಂಟರಪ್ಟ್ ಬಂದರೆ? ಎಲ್ಲಾ ಸಾಧ್ಯತೆಗಳನ್ನು ಟೆಸ್ಟ್ ಮಾಡೋಕೆ ಈ ಜನ್ಮ ಸಾಲದು. ಹಾಗಾಗಿ ವಾದ ಮಾಡಿ ತೋರಿಸಬೇಕು, ಪ್ರೂಫ್ ಥರ. ಆ ಪ್ರೋಗ್ರಾಂ ಎಕ್ಸ್1ರ ಬರೆಯಲಾಗದ, ಓದಲು ಮಾತ್ರ ಬರುವ ಮೆಮೊರಿಯಲ್ಲಿ ಕೂತಿತು. ಅಂದ್ರೆ ಯಂತ್ರ ಹೊರಗೆ ಹೋದ ಮೇಲೆ ಪ್ಯಾಚ್ ಅನ್ನೋದೇ ಇಲ್ಲ. 1959ರಲ್ಲಿ ಇದೇ ಅವರ ಡಾಕ್ಟರೇಟ್ ಪ್ರಬಂಧವೂ ಆಯ್ತು.

ಮರುವರ್ಷ ಯಾಪ್ ಝೊನ್ನೆವೆಲ್ಡ್ ಜೊತೆ ಸೇರಿ ಇದೇ ಎಕ್ಸ್1ಗೆ ಅಲ್ಗಾಲ್ 60 ಭಾಷೆಯ ಕಂಪೈಲರ್ ಬರೆದರು. ಅದು ಮುಗಿಯೋವರೆಗೂ ಇಬ್ಬರೂ ಗಡ್ಡ ತೆಗೆಯಬಾರದು ಅಂತ ಒಪ್ಪಂದ. ಕಂಪೈಲರ್ ಮುಗಿದ ಮೇಲೆ ಝೊನ್ನೆವೆಲ್ಡ್ ಗಡ್ಡ ಬೋಳಿಸಿದರು, ಡೈಕ್‌ಸ್ಟ್ರಾ ಉಳಿಸಿಕೊಂಡರು. ಫೋಟೊಗಳಲ್ಲಿ ಕಾಣೋ ಗಡ್ಡದ ಮೂಲ ಇದು.

ಡಿಎಂಎ ಬಂದಾಗ ತೊಂದರೆ ಇನ್ನೂ ಒಂದು ಹೆಜ್ಜೆ ಮುಂದೆ

ಮುಂದಿನ ಕಥೆಗೆ ಮುಂಚೆ ಡಿಎಂಎ ಬಗ್ಗೆ ಎರಡು ಮಾತು. ಇಂಟರಪ್ಟ್ ಇದ್ದರೂ ಪ್ರತಿ ಅಕ್ಷರವನ್ನ ಪ್ರೊಸೆಸರೇ ಎತ್ತಿ ಸಾಧನಕ್ಕೆ ಕೊಡ್ತಿದ್ದರೆ ಸಮಯ ಹಾಳೇ. ಅದರ ಬದಲು ಸಾಮಾನು ಸಾಗಿಸೋಕೆ ಬೇರೆ ಒಬ್ಬ ಕೂಲಿಯವನನ್ನ ಇಡೋದು ಡಿಎಂಎ, ಅಂದ್ರೆ ಡೈರೆಕ್ಟ್ ಮೆಮೊರಿ ಆಕ್ಸೆಸ್. ಇಲ್ಲಿಂದ ಎತ್ತು, ಅಲ್ಲಿ ಇಳಿಸು, ಇಷ್ಟು ಬೈಟ್ ಅಂತ ಪ್ರೊಸೆಸರ್ ಹೇಳಿ ತನ್ನ ಕೆಲಸಕ್ಕೆ ಹೋಗುತ್ತೆ. ಡಿಎಂಎ ಕಂಟ್ರೋಲರ್ ಎಲ್ಲಾ ಸಾಗಿಸಿ ಕೊನೆಗೆ ಒಂದೇ ಒಂದು ಇಂಟರಪ್ಟ್ ಕೊಡುತ್ತೆ.

ಈಗ ಒಂದೇ ಮೆಮೊರಿಯನ್ನು ಇಬ್ಬರು ಒಟ್ಟಿಗೆ ಮುಟ್ಟಬಹುದು. ಬಫರ್ ಅರ್ಧ ಸಾಗಿರುವಾಗ ಪ್ರೊಸೆಸರ್ ಅದರಲ್ಲಿ ಬರೆದುಬಿಟ್ಟರೆ? ಪ್ರೊಸೆಸರ್‌ನ ಕ್ಯಾಶ್‌ನಲ್ಲಿ ಹಳೇ ಡೇಟಾ ಕೂತಿದ್ದು, ಹೊಸದು ಮೆಮೊರಿಯಲ್ಲಿ ಇದ್ದರೆ? 1957ರಲ್ಲಿ ಡೈಕ್‌ಸ್ಟ್ರಾ ಕಂಡ ಕೆಟ್ಟ ಕನಸು ಇಲ್ಲಿ ದೊಡ್ಡದಾಗಿ ವಾಪಸ್ ಬರುತ್ತೆ. ಟೇಬಲ್ ಮೇಲಿನ ಬೋರ್ಡ್‌ನಲ್ಲಿ ನೂರು ಸಲ ಸರಿಯಾಗಿ ಓಡಿದ ಡ್ರೈವರ್, ಲೋಡ್ ಜಾಸ್ತಿ ಆದಾಗ ಒಂದು ದಿನ ತಪ್ಪು ಡೇಟಾ ಕೊಡುತ್ತೆ. ಆ ಡೇಟಾ ಆಸ್ಪತ್ರೆಯ ಮಾನಿಟರ್‌ದೋ, ಬ್ರೇಕ್ ಸೆನ್ಸರ್‌ದೋ ಆಗಿದ್ದರೆ ವಿಷಯ ಮಾರ್ಕ್ಸ್‌ಗೆ ನಿಲ್ಲೋದಿಲ್ಲ.

ಐಂಡ್‌ಹೋವನ್‌ನ ಆರು ಜನ

1962ರಲ್ಲಿ ಡೈಕ್‌ಸ್ಟ್ರಾ ಐಂಡ್‌ಹೋವನ್‌ನ ತಾಂತ್ರಿಕ ವಿದ್ಯಾಲಯಕ್ಕೆ ಗಣಿತದ ಪ್ರೊಫೆಸರ್ ಆಗಿ ಹೋದರು. ಕಂಪ್ಯೂಟರ್ ಸೈನ್ಸ್ ಅನ್ನೋ ವಿಭಾಗ ಅಲ್ಲಿ ಇರಲಿಲ್ಲ. ಅಲ್ಲಿಗೆ ಎಲೆಕ್ಟ್ರೊಲಾಜಿಕಾದ ಮುಂದಿನ ಯಂತ್ರ ಎಕ್ಸ್8 ಬಂತು. 27 ಬಿಟ್‌ನ 32 ಸಾವಿರ ಪದಗಳ ಕೋರ್ ಮೆಮೊರಿ, 512 ಸಾವಿರ ಪದಗಳ ಮ್ಯಾಗ್ನೆಟಿಕ್ ಡ್ರಮ್, ಮೂರು ಪೇಪರ್ ಟೇಪ್ ರೀಡರ್, ಮೂರು ಪಂಚ್, ಎರಡು ಟೆಲಿಪ್ರಿಂಟರ್, ಒಂದು ಪ್ಲಾಟರ್, ಒಂದು ಲೈನ್ ಪ್ರಿಂಟರ್. ಈ ಸಾಧನಗಳಿಗೂ ಮೆಮೊರಿಗೂ ನಡುವೆ ಡೇಟಾ ಸಾಗಿಸೋಕೆ ಎಕ್ಸ್8ನಲ್ಲಿ ಒಂದು ಪ್ರತ್ಯೇಕ ಘಟಕ ಇತ್ತು. ಅದರ ಡಚ್ ಹೆಸರಿನ ಮೊದಲಕ್ಷರಗಳು ಸೇರಿ ಕ್ಯಾರನ್ ಅಂತ ಆಗುತ್ತಿತ್ತು. ಗ್ರೀಕ್ ಪುರಾಣದಲ್ಲಿ ಸತ್ತವರನ್ನು ನದಿ ದಾಟಿಸುವ ಅಂಬಿಗನ ಹೆಸರು ಅದು. ಆ ದಡದಿಂದ ಈ ದಡಕ್ಕೆ ಸಾಗಿಸೋನು, ನಮ್ಮ ಡಿಎಂಎ ಕಂಟ್ರೋಲರ್‌ನ ಹಿರಿಯಣ್ಣ.

ಡೈಕ್‌ಸ್ಟ್ರಾ ಮತ್ತು ಸುಮಾರು ಆರು ಜನ, ಅದೂ ಅರ್ಧ ಹೊತ್ತಿನ ಕೆಲಸದಲ್ಲಿ, ಇದಕ್ಕೊಂದು ಆಪರೇಟಿಂಗ್ ಸಿಸ್ಟಮ್ ಕಟ್ಟಿದರು. ವಿದ್ಯಾಲಯದ ಡಚ್ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಟಿಎಚ್ಇ ಅಂತ ಹೆಸರಾಯಿತು. 1968ರಲ್ಲಿ ಅದರ ಪೇಪರ್ ಅಚ್ಚಾಯಿತು. ಅವರು ಮಾಡಿದ ಮುಖ್ಯ ಕೆಲಸ ಎರಡು.

ಮೊದಲನೆಯದು ಮಹಡಿಗಳು. ಎಲ್ಲಕ್ಕಿಂತ ಕೆಳಗಿನ ಮಹಡಿ ಪ್ರೊಸೆಸರ್ ಹಂಚುತ್ತೆ, ಗಡಿಯಾರದ ಇಂಟರಪ್ಟ್ ಅದಕ್ಕೆ ಮಾತ್ರ ಗೊತ್ತು. ಅದರ ಮೇಲಿನವರಿಗೆ ಪ್ರೊಸೆಸರ್ ಒಂದೇ ಇದೆ ಅನ್ನೋದೇ ಕಾಣೋದಿಲ್ಲ. ಎರಡನೇ ಮಹಡಿ ಡ್ರಮ್ ನೋಡಿಕೊಳ್ಳುತ್ತೆ. ಅದರ ಮೇಲಿನವರಿಗೆ ತಮ್ಮ ಡೇಟಾ ಡ್ರಮ್‌ನಲ್ಲಿದೆಯೋ ಕೋರ್‌ನಲ್ಲಿದೆಯೋ ತಿಳಿಯೋ ಅಗತ್ಯ ಇಲ್ಲ, ಹೆಸರು ಹೇಳಿ ಕೇಳಿದರೆ ಸಾಕು. ಮೂರನೆಯದು ಆಪರೇಟರ್‌ನ ಕೀಬೋರ್ಡ್ ಹಂಚುತ್ತೆ. ನಾಲ್ಕನೆಯದು ಇನ್‌ಪುಟ್ ಔಟ್‌ಪುಟ್ ಬಫರ್‌ಗಳದ್ದು. ಅದರ ಮೇಲೆ ವಿದ್ಯಾರ್ಥಿಗಳ ಪ್ರೋಗ್ರಾಂಗಳು. ಪ್ರತಿ ಮಹಡಿಯೂ ಯಂತ್ರದ ಒಂದು ರಗಳೆಯನ್ನು ತಾನೇ ನುಂಗಿಕೊಂಡು, ಮೇಲಿನವರಿಗೆ ಅದು ಇಲ್ಲವೇ ಇಲ್ಲ ಅನ್ನೋ ಹಾಗೆ ಮಾಡುತ್ತೆ. ಟೆಸ್ಟಿಂಗ್ ಕೂಡ ಹಾಗೇ: ಕೆಳಗಿನ ಮಹಡಿ ಪೂರ್ತಿ ಗಟ್ಟಿ ಅಂತ ಆದ ಮೇಲಷ್ಟೇ ಮುಂದಿನದು. ಟೆಸ್ಟ್ ಮಾಡುವಾಗ ಸಿಕ್ಕಿದ್ದು ಸಣ್ಣಪುಟ್ಟ ಕೋಡಿಂಗ್ ತಪ್ಪುಗಳು ಮಾತ್ರ, ಸುಮಾರು 500 ಇನ್‌ಸ್ಟ್ರಕ್ಷನ್‌ಗೆ ಒಂದು, ಪ್ರತಿಯೊಂದೂ 10 ನಿಮಿಷದೊಳಗೆ ಪತ್ತೆ ಅಂತ ಅವರು ವರದಿ ಮಾಡಿದರು.

ಎರಡನೆಯದು ಸೆಮಾಫೋರ್. ಹೆಸರು ಬಂದದ್ದು ರೈಲ್ವೆಯ ಕೈಕಂಬದ ಸಿಗ್ನಲ್‌ನಿಂದ. ನಮ್ಮ ಹಳೇ ಸ್ಟೇಷನ್‌ಗಳಲ್ಲಿ ಕೈ ಮೇಲೆ ಕೆಳಗೆ ಆಡುವ ಕಂಬ ಇರ್ತಿತ್ತಲ್ಲ, ಅದೇ. ಒಂದೇ ಹಳಿ, ಎರಡು ರೈಲು, ಒಂದು ಒಳಗಿದ್ದರೆ ಇನ್ನೊಂದು ಹೊರಗೆ ನಿಲ್ಲಬೇಕು. ಸೆಮಾಫೋರ್ ಒಂದು ಎಣಿಕೆ. ಅದನ್ನ ಮುಟ್ಟೋಕೆ ಎರಡೇ ದಾರಿ: ಕಾಯಬೇಕಾದವರು ಪಿ ಮಾಡ್ತಾರೆ, ಮುಗಿಸಿದವರು ವಿ ಮಾಡ್ತಾರೆ. ಎರಡೂ ಡಚ್ ಪದಗಳ ಮೊದಲಕ್ಷರ. ಇದರ ಸೊಗಸು ಏನು ಅಂದ್ರೆ, ಕಾಯೋನು ಬರೋ ಮುಂಚೆಯೇ ಕೆಲಸ ಮುಗಿದು ವಿ ಆಗಿಬಿಟ್ಟರೂ ಸುದ್ದಿ ಕಳೆದುಹೋಗೋದಿಲ್ಲ, ಎಣಿಕೆಯಲ್ಲಿ ಉಳಿದಿರುತ್ತೆ. ಯಾರು ಬೇಗ, ಯಾರು ನಿಧಾನ ಅನ್ನೋ ಪ್ರಶ್ನೆಯೇ ಎದ್ದು ಹೋಯ್ತು. ಟೈಪ್‌ರೈಟರ್‌ನ ವೇಗಕ್ಕೆ ಹೆದರಿದ ಮನುಷ್ಯ, ವೇಗದ ಮೇಲೆ ಏನೂ ಅವಲಂಬಿಸದ ಹಾಗೆ ಮಾಡಿ ಆ ಹೆದರಿಕೆಗೆ ಉತ್ತರ ಕೊಟ್ಟರು.

ಡೈನಿಂಗ್ ಫಿಲಾಸಫರ್ಸ್ ಕೂಡ ಇದೇ ಕಾಲದ್ದು. 1965ರಲ್ಲಿ ಅವರು ಅದನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಪ್ರಶ್ನೆಯಾಗಿ ಕೊಟ್ಟದ್ದು. ಮೂಲದಲ್ಲಿ ಅದು ಟೇಪ್ ಡ್ರೈವ್‌ಗಳಿಗೆ ಕಿತ್ತಾಡೋ ಕಂಪ್ಯೂಟರುಗಳ ಕಥೆ. ಊಟದ ಟೇಬಲ್ ಆಮೇಲೆ ಬಂತು. ಪರೀಕ್ಷೆಗೆ ಹುಟ್ಟಿದ್ದು ಇವತ್ತಿಗೂ ಪರೀಕ್ಷೆಯಲ್ಲೇ ಇದೆ ನೋಡಿ.

ಇವತ್ತಿನ ಕರ್ನಲ್‌ನಲ್ಲಿ

ಈಗ ಲಿನಕ್ಸ್‌ನ ಡಿಎಂಎ ಇಂಟರ್‌ಫೇಸ್ ತೆಗೆದು ನೋಡೋಣ. ಅದನ್ನ ಡೈಕ್‌ಸ್ಟ್ರಾ ಬರೆದಿಲ್ಲ, ಲಿನಕ್ಸ್ ಬೆಳೆದ ರೀತಿಯೂ ಟಿಎಚ್ಇಯ ಹಾಗಿಲ್ಲ. ಸಾವಿರಾರು ಜನ ಸೇರಿಸಿ, ಕಿತ್ತು, ಮತ್ತೆ ಕಟ್ಟಿದ್ದು ಅದು. ಹಾಗಿದ್ದರೂ ಕಷ್ಟ ಒಂದೇ ಆದ್ದರಿಂದ ಉತ್ತರಗಳೂ ಹತ್ತಿರ ಹತ್ತಿರ ಬಂದಿವೆ.

ಒಂದು ಯುಆರ್ಟ್ ಡ್ರೈವರ್‌ಗೆ ಡಿಎಂಎ ಬೇಕು ಅಂದ್ಕೊಳ್ಳಿ. ಅದು ಕಂಟ್ರೋಲರ್‌ನ ಇಂತಿಷ್ಟನೇ ಚಾನೆಲ್ ಕೊಡು ಅಂತ ಕೇಳೋದಿಲ್ಲ. ಆರ್‌ಎಕ್ಸ್, ಟಿಎಕ್ಸ್ ಅನ್ನೋ ಹೆಸರು ಹೇಳಿ ಕೇಳುತ್ತೆ. ಆ ಹೆಸರಿಗೆ ಯಾವ ಚಾನೆಲ್ ಅನ್ನೋದು ಡಿವೈಸ್ ಟ್ರೀಯಲ್ಲಿ ಬರೆದಿರುತ್ತೆ. ಬೋರ್ಡ್ ಬದಲಾದರೂ ಡ್ರೈವರ್ ಕೋಡ್ ಬದಲಾಗಲ್ಲ. ಡ್ರಮ್‌ನಲ್ಲಿ ಎಲ್ಲಿದೆ ಅಂತ ಕೇಳದೆ ಹೆಸರು ಹೇಳಿ ಕೇಳಿದ ಹಾಗೇ.

ಮುಂದೆ ಕಾನ್ಫಿಗರೇಶನ್. ಅದರಲ್ಲಿ ಮುಖ್ಯವಾಗಿ ಇರೋದು ಸಾಧನದ ಕಡೆಯ ವಿಳಾಸ, ಒಂದು ಸಲಕ್ಕೆ ಎಷ್ಟು ಬೈಟ್ ಅಗಲ, ಬರ್ಸ್ಟ್ ಎಷ್ಟು ಉದ್ದ. ಮೆಮೊರಿ ಕಡೆಯ ಬಫರ್ ವಿಳಾಸ ಅಲ್ಲಿ ಇಲ್ಲ. ಯಾಕೆಂದರೆ ಅದು ಪ್ರತಿ ಸಾಗಣೆಗೂ ಬದಲಾಗುತ್ತೆ, ಪ್ರತಿ ಸಲ ಕೆಲಸ ಸಿದ್ಧ ಮಾಡುವಾಗ ಕೊಡಬೇಕು. ಸ್ಥಿರವಾಗಿ ಇರೋದು ಒಂದು ಕಡೆ, ಬದಲಾಗೋದು ಇನ್ನೊಂದು ಕಡೆ. ಡೇಟಾ ಯಾವ ದಿಕ್ಕಿಗೆ ಅನ್ನೋ ಫೀಲ್ಡ್ ಕಾನ್ಫಿಗರೇಶನ್‌ನಲ್ಲೂ ಇದೆ, ಆದರೆ ಅದನ್ನ ಬಳಸಬೇಡಿ, ಕೆಲಸ ಸಿದ್ಧ ಮಾಡುವಾಗಲೇ ದಿಕ್ಕು ಹೇಳಿ ಅಂತ ಕರ್ನಲ್ ದಾಖಲೆ ಹೇಳುತ್ತೆ. ಒಂದೇ ವಿಷಯವನ್ನ ಎರಡು ಕಡೆ ಹೇಳೋ ಅವಕಾಶ ಇದ್ದರೆ ಒಂದು ದಿನ ಎರಡೂ ಬೇರೆ ಬೇರೆ ಹೇಳ್ತವೆ. ಆಗ ಯಾವುದನ್ನ ನಂಬೋದು?

ಆಮೇಲೆ ಒಡೆತನ. ಬಫರ್ ಅನ್ನು ಡಿಎಂಎಗೆ ಮ್ಯಾಪ್ ಮಾಡಿದ ಕ್ಷಣದಿಂದ ಅನ್‌ಮ್ಯಾಪ್ ಮಾಡೋವರೆಗೆ ಅದು ಸಾಧನದ ಸ್ವತ್ತು. ಪ್ರೊಸೆಸರ್ ಅದನ್ನ ಮುಟ್ಟಬಾರದು. ಮಧ್ಯೆ ನೋಡಲೇಬೇಕು ಅಂದ್ರೆ ಸಿಂಕ್ ಮಾಡಿ, ಅನುಮತಿ ಕೇಳಿ ನೋಡಬೇಕು. ಕ್ಯಾಶ್ ತಂಟೆಯಿಲ್ಲದ ಯಂತ್ರದಲ್ಲಿ ಈ ನಿಯಮ ಮುರಿದರೂ ಕೆಲಸ ನಡೆಯಬಹುದು. ಆದರೆ ಕರಾರು ಇರೋದು ನಮ್ಮ ಮುಂದಿನ ಬೋರ್ಡ್ ಜೊತೆ ಅಲ್ಲ, ಇಂಟರ್‌ಫೇಸ್ ಜೊತೆ. ಕೊನೆಯಲ್ಲಿ, ಮುಗೀತು ಅಂತ ತಿಳಿಸೋ ಕಂಪ್ಲೀಶನ್ ಎಂಬ ಸಲಕರಣೆ. ಸಾಗಣೆ ಮುಗಿದದ್ದು ಕಾಯೋನು ಬರೋ ಮುಂಚೆಯೇ ಆದರೂ ಅದು ನೆನಪಿಟ್ಟುಕೊಂಡಿರುತ್ತೆ. ಐಂಡ್‌ಹೋವನ್‌ನ ವಿ ಇದೇ ತಾನೇ?

ಹೊಸದಾಗಿ ಡ್ರೈವರ್ ಬರೆಯೋಕೆ ಕೂತವರಿಗೆ ಮೊದಲು ಬರೋ ಆಸೆ, ಎಲ್ಲಾ ರಿಜಿಸ್ಟರ್‌ಗಳನ್ನೂ ಕಾನ್ಫಿಗರೇಶನ್‌ನಲ್ಲಿ ತೆರೆದಿಡೋಣ, ಬೇಕಾದವರು ಬೇಕಾದ್ದು ತಿರುಗಿಸಿಕೊಳ್ಳಲಿ ಅನ್ನೋದು. ಕೇಳೋಕೆ ಉದಾರವಾಗಿದೆ. ಆದರೆ ಹತ್ತು ಆನ್-ಆಫ್ ಆಯ್ಕೆ ಕೊಟ್ಟರೆ 1024 ಸಂಯೋಜನೆ, ಅಷ್ಟನ್ನೂ ಸರಿ ಅಂತ ಯೋಚಿಸಿ ನೋಡಿದವರು ಯಾರು? ಡೈಕ್‌ಸ್ಟ್ರಾ ಜೀವನದಿಂದ ನಮಗೆ ಸಿಗೋ ಅಳತೆಗೋಲು ಇದು: ಬಳಸುವವನಿಗೆ ಎಷ್ಟು ಕೈಗೆ ಕೊಟ್ಟೆವು ಅನ್ನೋದಕ್ಕಿಂತ, ಎಷ್ಟನ್ನ ನಿಶ್ಚಿಂತೆಯಿಂದ ಮರೆಯೋಕೆ ಬಿಟ್ಟೆವು ಅನ್ನೋದನ್ನ ನೋಡಿ.

ಗೆದ್ದ ಮೇಲಿನ ಬೇಸರ

ಟಿಎಚ್ಇ ಇಷ್ಟು ಹೆಸರು ಮಾಡಿದರೂ ಐಂಡ್‌ಹೋವನ್‌ನ ಗಣಿತ ವಿಭಾಗಕ್ಕೆ ಅದರ ಬೆಲೆ ತಿಳಿಯಲಿಲ್ಲ. ಕಟ್ಟಿದ ತಂಡ ಚದುರಿಹೋಯಿತು. ಡೈಕ್‌ಸ್ಟ್ರಾ ಖಿನ್ನತೆಗೆ ಜಾರಿದರು. ಅದರಿಂದ ಹೊರಗೆ ಬರೋ ದಾರಿಯಾಗಿ 1969ರಲ್ಲಿ ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಬಗ್ಗೆ ಟಿಪ್ಪಣಿಗಳನ್ನು ಬರೆದು, ಜೆರಾಕ್ಸ್ ಮಾಡಿಸಿ ಒಂದಷ್ಟು ಸ್ನೇಹಿತರಿಗೆ ಕಳಿಸಿದರು. ಆ ಪ್ರತಿಗಳು ಕೈಯಿಂದ ಕೈಗೆ ಜಗತ್ತೆಲ್ಲಾ ಸುತ್ತಿದವು. ಗೋಟು ಬಳಕೆಯ ವಿರುದ್ಧ ಅವರು ಬರೆದ ಪತ್ರ 1968ರಲ್ಲೇ ಗಲಾಟೆ ಎಬ್ಬಿಸಿತ್ತು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

1973ರಿಂದ ಬರೋಸ್ ಕಂಪನಿಯ ಸಂಶೋಧಕರಾಗಿ ನ್ಯೂನನ್ ಎಂಬ ಊರಿನ ತಮ್ಮ ಮನೆಯಿಂದಲೇ ಕೆಲಸ ಮಾಡಿದರು. ಈಗಿನ ವರ್ಕ್ ಫ್ರಮ್ ಹೋಮ್‌ಗೆ ಅರ್ಧ ಶತಮಾನ ಮುಂಚೆ! ಫೌಂಟನ್ ಪೆನ್ನಿನಲ್ಲಿ ದುಂಡಗೆ ಬರೆದು, ತಮ್ಮ ಹೆಸರಿನ ಮೊದಲಕ್ಷರ ಇಡಬ್ಲ್ಯೂಡಿ ಜೊತೆ ನಂಬರ್ ಹಾಕಿ ಹಂಚುತ್ತಿದ್ದ ಅವರ ಟಿಪ್ಪಣಿಗಳು 1300 ದಾಟಿದವು. 1984ರಲ್ಲಿ ಅಮೆರಿಕದ ಆಸ್ಟಿನ್‌ಗೆ, ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ 1999ರವರೆಗೆ ಪಾಠ ಮಾಡಿದರು. ರಜೆಯಲ್ಲಿ ಗಂಡ ಹೆಂಡತಿ ಸುತ್ತುತ್ತಿದ್ದ ಫೋಕ್ಸ್‌ವ್ಯಾಗನ್ ವ್ಯಾನಿಗೆ ಟೂರಿಂಗ್ ಮಷೀನ್ ಅಂತ ಹೆಸರಿಟ್ಟಿದ್ದರು.

ಅವರ ಜೊತೆ ಏಗೋದು ಸುಲಭ ಇರಲಿಲ್ಲ. ನಾಲಿಗೆ ಹರಿತ. ಉದ್ಯಮದವರು, ಸಹೋದ್ಯೋಗಿಗಳು, ಭಾಷೆ ವಿನ್ಯಾಸ ಮಾಡಿದವರು, ಯಾರನ್ನೂ ಬಿಟ್ಟವರಲ್ಲ. ಅಹಂಕಾರಿ ಅಂದವರು ಬಹಳ ಜನ. ಪ್ರತಿ ಪ್ರೋಗ್ರಾಂ ಅನ್ನೂ ಗಣಿತದ ಹಾಗೆ ಸಾಧಿಸಿಯೇ ಬರೀಬೇಕು ಅನ್ನೋ ಅವರ ಹಟ ಲಕ್ಷಾಂತರ ಸಾಲಿನ ಕೋಡ್ ಮುಂದೆ ನಡೆಯೋದಿಲ್ಲ ಅನ್ನೋ ವಾದಕ್ಕೂ ತೂಕ ಇದೆ. ಆದರೆ ನಮಗೆ ಅನಿಸೋದು, ಎಲ್ಲಾ ಕಡೆ ನಡೆಯದಿದ್ದರೂ ಅದು ನಡೆಯಲೇಬೇಕಾದ ಜಾಗಗಳು ಕೆಲವು ಇವೆ. ಇಂಟರಪ್ಟ್, ಡಿಎಂಎ, ಲಾಕ್ ಇರೋ ನಾಲ್ಕು ಸಾಲು ಅಂಥ ಜಾಗ. ಅಲ್ಲಿ ಓಡ್ತಲ್ಲಾ ಸಾಕು ಅನ್ನೋ ಹಾಗಿಲ್ಲ. ಓಡಿದ್ದು ಆ ಒಂದು ಸಲದ ಕಥೆ ಮಾತ್ರ.

1974ರಲ್ಲಿ ಅವರು ಎರಡು ಪುಟದ ಒಂದು ಪೇಪರ್ ಬರೆದಿದ್ದರು. ಹಲವು ಯಂತ್ರಗಳು ಸೇರಿದ ವ್ಯವಸ್ಥೆ ಯಾವುದೇ ಕೆಟ್ಟ ಸ್ಥಿತಿಗೆ ಬಿದ್ದರೂ, ಯಾರೂ ರಿಪೇರಿ ಮಾಡದೆ, ತಾನಾಗಿಯೇ ಸರಿ ದಾರಿಗೆ ಬರೋದು ಹೇಗೆ ಅಂತ. ಬರೆದಾಗ ಹೆಚ್ಚಿನವರು ಗಮನಿಸಲಿಲ್ಲ. 2002ರಲ್ಲಿ ಅದಕ್ಕೆ ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್ ಸಮುದಾಯದ ಪ್ರಶಸ್ತಿ ಬಂತು. ಆ ಹೊತ್ತಿಗೆ ಕ್ಯಾನ್ಸರ್ ಅವರನ್ನು ಹಣ್ಣು ಮಾಡಿತ್ತು. ಆಸ್ಟಿನ್ ಬಿಟ್ಟು ನ್ಯೂನನ್‌ನ ಮನೆಗೆ ಮರಳಿದ್ದರು. 2002ರ ಆಗಸ್ಟ್ 6ರಂದು ಅಲ್ಲೇ ತೀರಿಕೊಂಡರು, 72 ವರ್ಷ. ಆ ಪ್ರಶಸ್ತಿಗೆ ಈಗ ಅವರದೇ ಹೆಸರು.

ಮುಂದಿನ ಸಲ ಓಎಸ್ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಪಿ, ವಿ ಅಂತ ಬರೆದಾಗ, ಅದರ ಹಿಂದೆ ಒಂದು ಟೈಪ್‌ರೈಟರ್, ಒಂದು ರೈಲ್ವೆ ಕಂಬ, ಮತ್ತೆ ಮೂರು ತಿಂಗಳು ಸಹಿ ಹಾಕದೆ ಯೋಚಿಸುತ್ತಾ ಕೂತ ಒಬ್ಬ ಯುವಕ ಇದ್ದಾರೆ ಅಂತ ನೆನಪಿರಲಿ. ಯಾರಿಗಾದರೂ ಕರ್ನಲ್‌ನ ಡಿಎಂಎ ಕೋಡ್ ನಮ್ಮ ಜೊತೆ ಕೂತು ಓದೋ ಆಸೆ ಇದ್ದರೆ ಬನ್ನಿ. ಮ್ಯಾಪ್‌ನಿಂದ ಅನ್‌ಮ್ಯಾಪ್‌ವರೆಗೆ ಬಫರ್ ಯಾರದ್ದು ಅಂತ ಸಾಲು ಸಾಲಾಗಿ ಗುರುತು ಹಾಕ್ತಾ ಹೋಗೋಣ. ಅದಕ್ಕೆ ಲ್ಯಾಪ್‌ಟಾಪ್ ಬೇಡ, ಪೆನ್ಸಿಲ್ ಸಾಕು.